ಮೊಬೈಲಲ್ಲಿ ವಿಮಾನ ಟಿಕೆಟ್: ‘ಪೇ’ ಒತ್ತುವ ಮೊದಲು ಒಮ್ಮೆ ಓದೋಣ

ನಮ್ಮ ಬ್ಯಾರಿ ಮನೆಗಳಲ್ಲಿ ವಿಮಾನದ ಟಿಕೆಟ್ ಅಂದರೆ ಬರೀ ಪ್ರಯಾಣದ ಚೀಟಿ ಅಲ್ಲ. ತಂಗಿಯ ನಿಕಾಹ್ ಯಾವ ತಾರೀಕಿಗೆ ಇಟ್ಟುಕೊಳ್ಳುವುದು, ಹೊಸ ಮನೆಯ ಒಕ್ಕಲು ಯಾವಾಗ, ಉಮ್ಮನನ್ನು ಉಮ್ರಾಕ್ಕೆ ಕಳಿಸುವುದು ಯಾವ ತಿಂಗಳು, ಇದೆಲ್ಲ ನಿಂತಿರುವುದು ಗಲ್ಫಿನಲ್ಲಿರುವ ಮಗನಿಗೆ ಟಿಕೆಟ್ ಸಿಗುವುದರ ಮೇಲೆ. ಎಷ್ಟೋ ಮನೆಗಳಲ್ಲಿ ವರ್ಷದ ಅತಿ ದೊಡ್ಡ ಖರ್ಚಿನಲ್ಲಿ ಅದೂ ಒಂದು.

2006ರ ಅಕ್ಟೋಬರ್‌ನಲ್ಲಿ ಬಜ್ಪೆಯಿಂದ ದುಬೈಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೇರ ವಿಮಾನ ಶುರುವಾಗುವ ತನಕ ನಮ್ಮವರು ಮುಂಬಯಿಗೋ ಕೋಝಿಕ್ಕೋಡಿಗೋ ಹೋಗಿ ವಿಮಾನ ಹತ್ತಬೇಕಿತ್ತು. ಟಿಕೆಟ್ ಏನಿದ್ದರೂ ಏಜೆಂಟರ ಮೂಲಕ. 2008ರ ಜೂನ್‌ನಿಂದ ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಸಂಘಟನೆ ಐಯಾಟಾ ಕಾಗದದ ಟಿಕೆಟನ್ನೇ ನಿಲ್ಲಿಸಿ ಇ-ಟಿಕೆಟ್ ಮಾಡಿತು. ಈಗ ಊಟ ಮುಗಿಸಿ ಸೋಫಾದಲ್ಲಿ ಕುಳಿತುಕೊಂಡೇ ಮಗಳು ಟಿಕೆಟ್ ತೆಗೆಯುತ್ತಾಳೆ. ಒಳ್ಳೆಯದೇ. ಆದರೆ ಒಂದು ವಿಷಯ ನಾವು ಮರೆತಿದ್ದೇವೆ. ಪಾಸ್‌ಪೋರ್ಟ್ ನೋಡಿ ಹೆಸರು ಬರೆಯುವುದು, ವೀಸಾ ತಾರೀಕು ಕೇಳುವುದು, ನಡುವಿನ ವಿಮಾನ ಸಿಗುತ್ತದೋ ಇಲ್ಲವೋ ಲೆಕ್ಕ ಹಾಕುವುದು, ಇವೆಲ್ಲ ಏಜೆಂಟರು ಮಾಡುತ್ತಿದ್ದ ಕೆಲಸ. ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದಾಗ ಆ ಕೆಲಸವೂ ನಮ್ಮ ತಲೆಗೇ ಬರುತ್ತದೆ. ಮೊಬೈಲ್ ದರ ತೋರಿಸುತ್ತದೆ, ಜವಾಬ್ದಾರಿ ತೋರಿಸುವುದಿಲ್ಲ.

ಹೆಸರು: ಪಾಸ್‌ಪೋರ್ಟಲ್ಲಿ ಇದ್ದ ಹಾಗೆಯೇ

ನಮ್ಮಲ್ಲಿ ಹೆಸರಿನ ಗೊಂದಲ ಸ್ವಲ್ಪ ಜಾಸ್ತಿ. ಒಂದೇ ಮನೆಯಲ್ಲಿ ಒಬ್ಬ ಮೊಹಮ್ಮದ್, ಇನ್ನೊಬ್ಬ ಮುಹಮ್ಮದ್, ಮತ್ತೊಬ್ಬ ಮಹಮ್ಮದ್. ಆಧಾರ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟಲ್ಲಿ ಬಾಪನ ಪೂರ್ತಿ ಹೆಸರು. ಟಿಕೆಟಿಗೆ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್ ಮಾತ್ರ. ಒಂದೊಂದು ಅಕ್ಷರವೂ ಅದರಂತೆಯೇ ಇರಬೇಕು. ಬಾಯಿಪಾಠದಿಂದ ಬರೆಯುವುದು ಬೇಡ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೆಸೇಜ್ ನೋಡಿಯೂ ಬೇಡ. ಪಾಸ್‌ಪೋರ್ಟ್ ಎದುರಿಗಿಟ್ಟು ಬರೆಯಿರಿ. ಹಾಗೆಯೇ ಅದರ ಅವಧಿಯನ್ನೂ ನೋಡಿ. ಹೆಚ್ಚಿನ ದೇಶಗಳು ಇನ್ನೂ ಆರು ತಿಂಗಳ ಅವಧಿ ಕೇಳುತ್ತವೆ.

ಇನ್ನೊಂದು ಮುಖ್ಯ ಸಂಗತಿ ‘ಸರ್‌ನೇಮ್’. ಮನೆಯ ಹಿರಿಯ ಹೆಂಗಸರಲ್ಲಿ ಹಲವರ ಪಾಸ್‌ಪೋರ್ಟಲ್ಲಿ ಒಂದೇ ಹೆಸರು ಇದ್ದು, ಸರ್‌ನೇಮ್ ಜಾಗ ಖಾಲಿ ಇರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಸರಕಾರ ಇಂತಹ ಒಂದೇ ಹೆಸರಿನ ಪಾಸ್‌ಪೋರ್ಟಲ್ಲಿ ವಿಸಿಟ್ ವೀಸಾದಲ್ಲಿ ಬರುವವರಿಗೆ ಪ್ರವೇಶ ಇಲ್ಲ ಎಂದಿತು. ಆಮೇಲೆ, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರು ಇದ್ದರೆ ಆಗಬಹುದು ಎಂದು ಸಡಿಲ ಮಾಡಿತು. ಮಗನ ಮನೆಗೆ ಹೋಗಲು ಹೊರಟ ಉಮ್ಮ ಬಜ್ಪೆಯ ಕೌಂಟರಿನಿಂದ ವಾಪಸ್ ಬರುವ ಹಾಗಾಗಬಾರದು. ಟಿಕೆಟ್ ತೆಗೆಯುವ ಮೊದಲೇ ಪಾಸ್‌ಪೋರ್ಟ್ ತೆರೆದು ನೋಡಿ. ಸರ್‌ನೇಮ್ ಖಾಲಿ ಇದ್ದರೆ ಟಿಕೆಟಲ್ಲಿ ಆ ಜಾಗದಲ್ಲಿ ಏನು ಬರೆಯಬೇಕೆಂದು ವಿಮಾನ ಕಂಪನಿಯನ್ನೇ ಕೇಳಿ, ಏಕೆಂದರೆ ಒಂದೊಂದು ಕಂಪನಿಯದು ಒಂದೊಂದು ರೀತಿ.

ಹೆಸರಲ್ಲಿ ತಪ್ಪಾಯಿತು ಅಂತಿಟ್ಟುಕೊಳ್ಳಿ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ತೆಗೆದ ಟಿಕೆಟಾದರೆ, 24 ಗಂಟೆಯೊಳಗೆ ತಿಳಿಸಿದರೆ ಅದೇ ವ್ಯಕ್ತಿಯ ಹೆಸರಿನ ಅಕ್ಷರ ತಿದ್ದಲು ಹೆಚ್ಚುವರಿ ಹಣ ಕೇಳಬಾರದು ಎಂಬ ನಿಯಮವನ್ನು ನಮ್ಮ ದೇಶದ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಮಾಡಿದೆ. ಹಾಗಾಗಿ ಟಿಕೆಟ್ ಬಂದ ಕೂಡಲೇ ತೆರೆದು ಓದಿ. ಹೊರಡುವ ಹಿಂದಿನ ರಾತ್ರಿ ನೋಡಿದರೆ ಪ್ರಯೋಜನ ಇಲ್ಲ.

ತಾರೀಕು: ನಡುರಾತ್ರಿಯ ಗೊಂದಲ

ಗಲ್ಫಿನ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುವಂಥವು. ಟಿಕೆಟಲ್ಲಿ ‘15ನೇ ತಾರೀಕು, 00:40’ ಅಂತ ಇದ್ದರೆ, ನೀವು ಏರ್‌ಪೋರ್ಟಲ್ಲಿ ಇರಬೇಕಾದ್ದು 14ರ ರಾತ್ರಿ. 15ರ ಇಶಾ ನಮಾಝ್ ಮುಗಿಸಿ ಹೊರಟರೆ ವಿಮಾನ ಹೋಗಿ ಹೆಚ್ಚುಕಡಿಮೆ ಒಂದು ದಿನವೇ ಆಗಿರುತ್ತದೆ. ಟಿಕೆಟಿನ ಸಮಯ ಯಾವಾಗಲೂ ಆಯಾ ಊರಿನ ಸಮಯ ಎಂಬುದೂ ನೆನಪಿರಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ ಹಿಂದೆ.

ವೀಸಾ ಮುಗಿಯುವ ದಿನದ ಆಸುಪಾಸಿನಲ್ಲಿ ಪ್ರಯಾಣ ಇಟ್ಟುಕೊಂಡವರಿಗೆ ಈ ಒಂದು ರಾತ್ರಿಯ ವ್ಯತ್ಯಾಸ ದೊಡ್ಡ ಪೆಟ್ಟು. ಪಾಸ್‌ಪೋರ್ಟಲ್ಲಿ ‘ಇಸಿಆರ್’ ಇದ್ದು ಕೆಲಸದ ವೀಸಾದಲ್ಲಿ ಮೊದಲ ಸಲ ಗಲ್ಫಿಗೆ ಹೋಗುವ ಹುಡುಗರು, ಇ-ಮೈಗ್ರೇಟ್‌ನಲ್ಲಿ ಕ್ಲಿಯರೆನ್ಸ್ ಆಗುವ ಮುಂಚೆ ವಾಪಸಾಗದ ಟಿಕೆಟ್ ತೆಗೆಯಬಾರದು. ಕ್ಲಿಯರೆನ್ಸ್ ಇಲ್ಲದೆ ಇಮಿಗ್ರೇಷನ್ ದಾಟಲಿಕ್ಕಾಗುವುದಿಲ್ಲ.

ದರ: ಹತ್ತು ನಿಮಿಷಕ್ಕೆ ಏಕೆ ಏರುತ್ತದೆ?

ಒಂದೇ ವಿಮಾನದ ಸೀಟುಗಳನ್ನು ಕಂಪನಿಗಳು ಬೇರೆ ಬೇರೆ ದರದ ಗುಂಪು ಮಾಡಿ ಇಟ್ಟಿರುತ್ತವೆ. ಅಗ್ಗದ ಗುಂಪಿನ ಸೀಟು ಮುಗಿದ ಕೂಡಲೇ ಮೇಲಿನ ದರ ಬರುತ್ತದೆ. ಇಲ್ಲಿ ಮನೆಮಂದಿಯೆಲ್ಲ ಹೋಗುವಾಗ ನೋಡಬೇಕಾದ ಒಂದು ವಿಷಯ ಇದೆ. ಐದು ಜನಕ್ಕೆ ಒಟ್ಟಿಗೆ ಹುಡುಕಿದಾಗ ಅಗ್ಗದ ಗುಂಪಲ್ಲಿ ಮೂರೇ ಸೀಟು ಉಳಿದಿದ್ದರೆ, ಸಾಮಾನ್ಯವಾಗಿ ಐದೂ ಜನಕ್ಕೆ ಮೇಲಿನ ದರವನ್ನೇ ತೋರಿಸುತ್ತದೆ. ಮೊದಲು ಒಬ್ಬರಿಗೆ, ಆಮೇಲೆ ಮೂವರಿಗೆ ಅಂತ ಹುಡುಕಿ ನೋಡಿ. ದರ ಬೇರೆ ಬಂದರೆ ಎರಡು ಬುಕಿಂಗ್ ಮಾಡಬಹುದು. ಆದರೆ ಮಕ್ಕಳು ಯಾವಾಗಲೂ ದೊಡ್ಡವರ ಬುಕಿಂಗಿನಲ್ಲೇ ಇರಲಿ. ಎರಡು ವರ್ಷದೊಳಗಿನ ಮಗುವಿನ ಟಿಕೆಟ್ ತೆಗೆಯುವಾಗ, ವಾಪಸ್ ಬರುವಷ್ಟರಲ್ಲಿ ಮಗುವಿಗೆ ಎರಡು ತುಂಬುತ್ತದೋ ಎಂದೂ ನೋಡಿ. ತುಂಬಿದರೆ ಬರುವಾಗ ಮಗುವಿಗೂ ಸೀಟು ಬೇಕು.

ಪೆರ್ನಾಲ್, ಗಲ್ಫಿನ ಶಾಲಾ ರಜೆ, ನಮ್ಮ ಮದುವೆ ಸೀಸನ್, ಈ ಸಮಯದಲ್ಲಿ ದರ ಏರುವುದು ಎಲ್ಲರಿಗೂ ಗೊತ್ತು. ಗಲ್ಫಿನಲ್ಲಿ ಒಂದು ದಿನ ಮೊದಲೇ ಪೆರ್ನಾಲ್ ಆಗುವ ವರ್ಷಗಳಲ್ಲಿ, ಅಲ್ಲಿ ನಮಾಝ್ ಮುಗಿಸಿ ಊರಿನ ಪೆರ್ನಾಲಿಗೆ ಮುಟ್ಟುವ ಆಸೆ ನಮ್ಮ ಹುಡುಗರಿಗೆ ಇರುತ್ತದೆ. ಆ ಒಂದು ರಾತ್ರಿಯ ಸೀಟಿಗೆ ಎಲ್ಲರೂ ಮುಗಿಬೀಳುತ್ತಾರೆ. ಬಜ್ಪೆಯ ಜತೆಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣದ ದರವನ್ನೂ ನೋಡಿ. ಕಾಸರಗೋಡು, ಮಂಜೇಶ್ವರ ಕಡೆಯವರಿಗೆ ಅದೂ ಒಂದು ದಾರಿ. ಆದರೆ ಟ್ಯಾಕ್ಸಿ ಬಾಡಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಎರಡು ಸಾವಿರ ಉಳಿಸಲು ಹೋಗಿ ಮೂರು ಸಾವಿರ ಬಾಡಿಗೆ ಕೊಟ್ಟರೆ ಏನು ಬಂತು?

ಮೊದಲು ಕಂಡ ದರ ಕೊನೆಯಲ್ಲಿ ಇರುವುದಿಲ್ಲ ಎಂಬುದು ಇನ್ನೊಂದು ದೂರು. ಕನ್ವೀನಿಯೆನ್ಸ್ ಫೀ, ಸೀಟಿನ ದುಡ್ಡು, ನಾವು ಕೇಳದೇ ಟಿಕ್ ಆಗಿರುವ ಇನ್ಶೂರೆನ್ಸ್ ಎಲ್ಲ ಒಂದೊಂದಾಗಿ ಸೇರುತ್ತವೆ. ಗ್ರಾಹಕರನ್ನು ಹೀಗೆ ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಕೇಳದ ವಸ್ತುವನ್ನು ಬಿಲ್ಲಿಗೆ ಸೇರಿಸುವುದು, ಇಲ್ಲದ ಅರ್ಜೆಂಟ್ ತೋರಿಸುವುದು, ದರವನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿಡುವುದು ಅದರಲ್ಲಿ ಸೇರಿದೆ. ಆದರೂ ಕೊನೆಯ ಪುಟದಲ್ಲಿ ಬೇಡದ ಟಿಕ್ ತೆಗೆಯುವ ಕೆಲಸ ನಮ್ಮದೇ.

ಅಗ್ಗದ ಟಿಕೆಟಿನ ಒಳಗೆ ಏನಿದೆ?

ದರದ ಪಕ್ಕದಲ್ಲೇ ಬ್ಯಾಗೇಜ್ ಎಷ್ಟು ಕಿಲೋ ಎಂದು ನೋಡಿ. ಕೈಚೀಲ ಮಾತ್ರ ಇರುವ ಟಿಕೆಟ್ ನಮ್ಮವರಿಗೆ ಅಗ್ಗ ಹೇಗಾಗುತ್ತದೆ? ಹೋಗುವಾಗ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ, ಅಕ್ಕಿ ರೊಟ್ಟಿ, ಬರುವಾಗ ಮನೆಮಂದಿಗೆಲ್ಲ ಸಾಮಾನು. ಕಿಲೋ ಲೆಕ್ಕದಲ್ಲಿ ಕೌಂಟರಲ್ಲಿ ದುಡ್ಡು ಕಟ್ಟುವುದಕ್ಕಿಂತ ಟಿಕೆಟಿನ ಜತೆಗೇ ಬ್ಯಾಗೇಜ್ ತೆಗೆದುಕೊಂಡರೆ ಕಡಿಮೆಗೆ ಆಗುತ್ತದೆ. ಉಮ್ರಾಕ್ಕೆ ಹೋಗುವವರು ಝಮ್‌ಝಮ್ ಕ್ಯಾನ್ ತರಲು ಬಿಡುತ್ತಾರೋ, ಅದಕ್ಕೆ ಬೇರೆ ದುಡ್ಡಿದೆಯೋ ಎಂದು ಮೊದಲೇ ಕೇಳಿಕೊಳ್ಳಿ. ನಡುವೆ ವಿಮಾನ ಬದಲಿಸಿ ನೇರ ಜಿದ್ದಾಕ್ಕೆ ಹೋಗುವ ಟಿಕೆಟಾದರೆ ಇಹ್ರಾಮಿನ ಬಟ್ಟೆ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಮಾಡಿದ ಬ್ಯಾಗ್ ದಾರಿಯಲ್ಲಿ ಕೈಗೆ ಸಿಗುವುದಿಲ್ಲ.

ಇನ್ನು ಮುಂಬಯಿ ಮೂಲಕ ಹೋಗುವ ಟಿಕೆಟ್. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆ ಪಿಎನ್‌ಆರ್ ಆದರೆ ಎರಡನೇ ಕಂಪನಿಗೆ ನಿಮ್ಮ ಕಥೆ ಬೇಕಾಗಿಲ್ಲ, ಟಿಕೆಟ್ ಹೋಯಿತು ಅಷ್ಟೇ. ಅದರ ಮೇಲೆ ಮುಂಬಯಿಯಲ್ಲಿ ಟರ್ಮಿನಲ್ 1 ಮತ್ತು 2 ದೂರ ದೂರ. ಬ್ಯಾಗ್ ಎತ್ತಿಕೊಂಡು ರಸ್ತೆಯಲ್ಲಿ ಹೋಗಬೇಕು. ಕೆಲವು ಆ್ಯಪ್‌ಗಳು ಇಂಥದ್ದನ್ನು ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಸಣ್ಣ ಅಕ್ಷರದಲ್ಲಿ ತೋರಿಸುತ್ತವೆ. ವಯಸ್ಸಾದವರನ್ನು ಒಬ್ಬರೇ ಕಳಿಸುವಾಗ ಇಂತಹ ಟಿಕೆಟ್ ಬೇಡವೇ ಬೇಡ.

ರಿಟರ್ನ್ ಟಿಕೆಟಿನ ಬಗ್ಗೆಯೂ ಒಂದು ಮಾತು. ಹೋಗುವ ವಿಮಾನ ಹತ್ತದೇ ಬಿಟ್ಟರೆ ಹೆಚ್ಚಿನ ಕಂಪನಿಗಳಲ್ಲಿ ಬರುವ ಟಿಕೆಟೂ ತನ್ನಿಂದ ತಾನೇ ರದ್ದಾಗುತ್ತದೆ. ‘ಬರುವಾಗ ಇದೆಯಲ್ಲಾ’ ಅಂತ ಸುಮ್ಮನಿರಬೇಡಿ.

ಮಗ ಅಲ್ಲಿಂದ ತೆಗೆದರೆ

ಮಗ ದಮ್ಮಾಮಿನಲ್ಲಿ ಕುಳಿತು ಉಳ್ಳಾಲದ ಉಮ್ಮನಿಗೆ ಟಿಕೆಟ್ ತೆಗೆಯುತ್ತಾನೆ. ಕೆಲವು ಕಂಪನಿಗಳು ಹಣ ಕಟ್ಟಿದ ಕಾರ್ಡನ್ನು ಕೌಂಟರಲ್ಲಿ ತೋರಿಸಲು ಕೇಳುತ್ತವೆ. ಕಾರ್ಡಿನವನು ಜತೆಗಿಲ್ಲದಿದ್ದರೆ ಏನು ಕೊಡಬೇಕು ಎಂದು ಬುಕ್ ಮಾಡುವಾಗಲೇ ನಿಯಮ ಓದಿಕೊಳ್ಳಬೇಕು. ಅಲ್ಲಿಯ ಕಾರ್ಡಿನಿಂದ ರೂಪಾಯಿಯಲ್ಲಿ ಕಟ್ಟುವಾಗ ಬ್ಯಾಂಕ್ ತನ್ನ ಪಾಲು ಸೇರಿಸುತ್ತದೆ, ಆ ಲೆಕ್ಕವೂ ಇರಲಿ. ಬುಕಿಂಗಿನಲ್ಲಿ ಮಗನ ನಂಬರಿನ ಜತೆಗೆ ಊರಿನ ನಂಬರ್ ಸಹ ಇರಬೇಕು. ವಿಮಾನದ ಸಮಯ ಬದಲಾದ ಮೆಸೇಜ್ ದಮ್ಮಾಮಿಗೆ ಹೋಗಿ, ಉಮ್ಮ ಬಜ್ಪೆಯಲ್ಲಿ ಕಾಯುವ ಹಾಗಾಗಬಾರದು.

ರದ್ದಾದರೆ ಸಿಗುವುದೇನು, ಮೋಸ ಎಲ್ಲಿ?

‘ನಾನ್ ರಿಫಂಡೆಬಲ್’ ಅಂದ ಮಾತ್ರಕ್ಕೆ ಪೂರ್ತಿ ದುಡ್ಡು ಹೋಯಿತು ಅಂತಲ್ಲ. ಡಿಜಿಸಿಎ ನಿಯಮದ ಪ್ರಕಾರ ಮೂಲ ದರ ಮತ್ತು ಇಂಧನ ಶುಲ್ಕಕ್ಕಿಂತ ಹೆಚ್ಚು ರದ್ದತಿ ಶುಲ್ಕ ಹಿಡಿಯುವಂತಿಲ್ಲ. ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನು ಎಂಥ ಆಫರ್ ಟಿಕೆಟಿಗೂ ವಾಪಸ್ ಕೊಡಬೇಕು, ವಿಮಾನ ತಪ್ಪಿದರೂ ಸಹ. ಹಣದ ಬದಲು ಮುಂದಿನ ಪ್ರಯಾಣಕ್ಕೆ ಜಮೆ ಮಾಡಿಕೊಳ್ಳುವುದು ಪ್ರಯಾಣಿಕರ ಇಷ್ಟ, ಕಂಪನಿ ಒತ್ತಾಯ ಮಾಡುವಂತಿಲ್ಲ. ಏಜೆಂಟ್ ಮೂಲಕ ತೆಗೆದಿದ್ದರೂ ರಿಫಂಡಿನ ಹೊಣೆ ವಿಮಾನ ಕಂಪನಿಯದೇ. ವಿದೇಶಿ ಕಂಪನಿಗಳಿಗೆ ಮಾತ್ರ ಅವರವರ ದೇಶದ ನಿಯಮ. ಸಣ್ಣ ಮೊತ್ತ ಅಂತ ಬಿಡುವುದು ಬೇಡ. ಐದು ಜನರ ಟಿಕೆಟಲ್ಲಿ ಅದು ಸಣ್ಣದಲ್ಲ. ಕಂಪನಿ ಕೇಳದಿದ್ದರೆ ಸರಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು.

ಮೋಸ ಹೆಚ್ಚಾಗುವುದೂ ರಿಫಂಡಿನ ಹೊತ್ತಿಗೇ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಅಂತ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡುತ್ತಾರೆ. ಆ ಕಡೆಯವನು ‘ಒಂದು ಆ್ಯಪ್ ಹಾಕಿ, ಒಟಿಪಿ ಹೇಳಿ’ ಅನ್ನುತ್ತಾನೆ, ಖಾತೆ ಖಾಲಿ. ನಂಬರನ್ನು ಟಿಕೆಟಿನಿಂದ ಅಥವಾ ಕಂಪನಿಯ ಸ್ವಂತ ಆ್ಯಪ್‌ನಿಂದಲೇ ತೆಗೆಯಿರಿ. ರಿಫಂಡ್ ಬರಲು ಒಟಿಪಿಯೂ ಬೇಡ, ಯುಪಿಐ ಪಿನ್ನೂ ಬೇಡ. ಹಣ ಹೋಗಿಬಿಟ್ಟರೆ ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ಬಗೆ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಚಂದದ ಪಿಡಿಎಫ್ ಬರುತ್ತದೆ, ಅದು ಬರೀ ತಾತ್ಕಾಲಿಕವಾಗಿ ಹಿಡಿದಿಟ್ಟ ಸೀಟಾಗಿರುತ್ತದೆ, ಇಲ್ಲವೇ ಪೂರಾ ನಕಲಿ. ಆರು ಅಕ್ಷರದ ಪಿಎನ್‌ಆರ್ ಮತ್ತು ಹೆಸರನ್ನು ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಅಲ್ಲಿ ‘ಕನ್ಫರ್ಮ್ಡ್’ ಎಂದು ಕಾಣಬೇಕು, ಹಣ ಕಟ್ಟಿದ್ದೂ ಕಾಣಬೇಕು.

ಹಾಗಂತ ಏಜೆಂಟರನ್ನು ಬಿಟ್ಟುಬಿಡಿ ಅಂತ ನಾವು ಹೇಳುತ್ತಿಲ್ಲ. ಉಮ್ರಾ ತಂಡ, ವೀಲ್‌ಚೇರ್ ಬೇಕಾದ ಹಿರಿಯರು, ಎರಡು ಮೂರು ಕಡೆ ಬದಲಿಸುವ ಪ್ರಯಾಣ, ಊರಲ್ಲಿ ಮರಣವಾಗಿ ಮಯ್ಯಿತ್ ನೋಡಲು ತಕ್ಷಣ ಹೊರಡಬೇಕಾದ ಸಂದರ್ಭ, ಇಂತಹ ಹೊತ್ತಿನಲ್ಲಿ ಪರಿಚಯದ ಒಳ್ಳೆಯ ಏಜೆಂಟರ ಅನುಭವಕ್ಕೆ ಬೆಲೆ ಇದೆ. ನಾಲ್ಕೈದು ನೂರು ಹೆಚ್ಚು ಕೊಟ್ಟರೂ ನಷ್ಟ ಇಲ್ಲ. ಬಿಲ್ ಮತ್ತು ಪಿಎನ್‌ಆರ್ ಮಾತ್ರ ಕೇಳಿ ಪಡೆಯಿರಿ. ‘ನಮ್ಮವನೇ ಅಲ್ವಾ, ಕೇಳುವುದು ಹೇಗೆ’ ಅನ್ನುವ ದಾಕ್ಷಿಣ್ಯ ಬೇಡ.

ಮನೆಯಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳೋಣ. ‘ಪೇ’ ಒತ್ತುವ ಮೊದಲು ಟಿಕೆಟ್ ತೆಗೆಯುವವರು ಹೆಸರು, ತಾರೀಕು, ಸಮಯ, ಕಿಲೋ, ರದ್ದತಿ ನಿಯಮ, ಈ ಐದನ್ನು ಜೋರಾಗಿ ಓದಲಿ. ಪಕ್ಕದಲ್ಲಿ ಪಾಸ್‌ಪೋರ್ಟ್ ಹಿಡಿದು ಕುಳಿತವರು ಒಂದೊಂದಕ್ಕೂ ‘ಸರಿ’ ಅನ್ನಲಿ. ಎರಡು ನಿಮಿಷದ ಕೆಲಸ. ದುಡಿದು ಕಳಿಸಿದವನ ಒಂದು ತಿಂಗಳ ಸಂಬಳ ಆ ಎರಡು ನಿಮಿಷದಲ್ಲಿ ಉಳಿಯಬಹುದು.