ರೂವಾರಿ ಮಲ್ಲಿತಮ್ಮ

ಲೊಕ್ಕನಹಳ್ಳಿಯ ಕಡೆಯವರು ಸೋಮನಾಥಪುರವನ್ನು ನೋಡಬೇಕೆಂದರೆ ಕೊಳ್ಳೇಗಾಲಕ್ಕೆ ಬಂದು, ತಿರುಮಕೂಡಲು ನರಸೀಪುರದ ಮೇಲೆ ಹಾದು, ಕಾವೇರಿಯನ್ನು ದಾಟಿ ಹೋಗಬೇಕು. ದೂರವೇನೂ ಹೆಚ್ಚಲ್ಲ. ಅಲ್ಲಿಗೆ ಹೋಗಿಬಂದ ಹಿರಿಯರನ್ನು, ಆ ಗುಡಿಯನ್ನು ಕಟ್ಟಿದವರಾರೆಂದು ಕೇಳಿ ನೋಡಿ. ತಡವಿಲ್ಲದೆ ಬರುವ ಉತ್ತರ ಒಂದೇ: ಜಕಣಾಚಾರಿ.

ಜಕಣಾಚಾರಿಯ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಬೇಲೂರಿನಲ್ಲಿ ಹುಡುಗನೊಬ್ಬನು ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದನಂತೆ. ಕಲ್ಲೊಡೆಯಲು ಒಳಗಿಂದ ಕಪ್ಪೆ ಬಂದಿತಂತೆ. ಆಡಿದ ಮಾತಿಗೆ ತಪ್ಪದೆ ಶಿಲ್ಪಿಯು ತನ್ನ ಕೈಯನ್ನೇ ಕಡಿದುಕೊಂಡನಂತೆ. ಆ ಹುಡುಗ ಅವನ ಮಗನೇ ಆದ ಡಂಕಣ. ತುಮಕೂರಿನ ಬಳಿಯ ಕೈದಾಳದಲ್ಲಿ ಹೋದ ಕೈ ಮರಳಿ ಬಂದಿತೆಂಬಲ್ಲಿಗೆ ಕಥೆ ಮುಗಿಯುತ್ತದೆ. 1964ರಲ್ಲಿ ಬಂದ 'ಅಮರಶಿಲ್ಪಿ ಜಕಣಾಚಾರಿ' ಚಿತ್ರ ಇದಕ್ಕೆ ಬಣ್ಣವನ್ನೂ ಕೊಟ್ಟಿತು. ಸರ್ಕಾರವು ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಅವನ ಹೆಸರಿನದೇ.

ಬೇಲೂರಿನ ಕಲ್ಲುಗಳು ಹೇಳುವುದು ಬೇರೆ. ಅಲ್ಲಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳುಂಟು. ತಂದೆಯೂ ಮಗನೂ ನಿಜವಾಗಿ ಅಲ್ಲಿ ಉಳಿ ಹಿಡಿದಿದ್ದರು. ಆದರೆ ಕಥೆಯ ತಂದೆ ಮಗ ಅವರಲ್ಲ! ಸೋಮನಾಥಪುರದಲ್ಲಿಯೂ ಹಾಗೆಯೇ. ಹೊರಗೋಡೆಯಲ್ಲಿ ಸಾಲಾಗಿ ನಿಂತಿರುವ ದೊಡ್ಡ ವಿಗ್ರಹಗಳ ಪೀಠಗಳಲ್ಲಿ ಚಾಮೆಯ, ಚವುಡೆಯ, ನಂಜೆಯ, ಮಸಣಿತಮ್ಮ ಮುಂತಾದವರ ಹೆಸರುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಮಲ್ಲಿತಮ್ಮನ ಹೆಸರು. ಮೈಸೂರಿನ ಪ್ರಾಚ್ಯ ಸಂಶೋಧನ ಇಲಾಖೆಯ ಆರ್. ನರಸಿಂಹಾಚಾರ್ಯರು ಈ ಗುಡಿಯನ್ನು ಕುರಿತು 1917ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ರುಜುಗಳನ್ನೆಲ್ಲ ಲೆಕ್ಕ ಹಾಕಿದ್ದಾರೆ. ಮಲ್ಲಿತಮ್ಮನ ಪಾಲಿಗೆ ಸುಮಾರು ನಲವತ್ತು ವಿಗ್ರಹಗಳು ಬರುತ್ತವೆ. ಹೆಸರು ಕೇಳಿ ಹೆಂಗಸೆಂದು ಭಾವಿಸುವವರುಂಟು. 'ಅಮ್ಮ' ಅಲ್ಲ, 'ತಮ್ಮ'. ರೂವಾರಿ ಎಂದರೆ ವಿಗ್ರಹ ಕಡೆಯುವವನು.

ಇವನ ಹೆಸರು ಸೋಮನಾಥಪುರಕ್ಕೆ ಮಾತ್ರ ಸೇರಿದ್ದಲ್ಲ. ತರೀಕೆರೆ ಸೀಮೆಯ ಅಮೃತಾಪುರದಲ್ಲಿ, ಇಮ್ಮಡಿ ಬಲ್ಲಾಳನ ಕಾಲದಲ್ಲಿ 1196ರಲ್ಲಿ ಆದ ಅಮೃತೇಶ್ವರ ಗುಡಿಯಲ್ಲಿ ಮೊದಲು ಸಿಕ್ಕುತ್ತದೆ. ಆಮೇಲೆ ಚನ್ನರಾಯಪಟ್ಟಣದ ಬಳಿಯ ನುಗ್ಗೆಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ಗುಡಿಯಲ್ಲಿ. ಅಲ್ಲಿ ಉತ್ತರದ ಮಗ್ಗುಲು ಮಲ್ಲಿತಮ್ಮನದು, ದಕ್ಷಿಣದ ಮಗ್ಗುಲು ನಂದಿಯ ಬೈಚೋಜನದು. ಒಂದೇ ಗುಡಿಯಲ್ಲಿ ಇಬ್ಬರ ಕೈಗಳನ್ನು ಹೋಲಿಸಿ ನೋಡುವ ಸುಯೋಗ ಬೇರೆಡೆ ಅಪರೂಪ. ನುಗ್ಗೆಹಳ್ಳಿಗೆ ಹೋದವರು ಒಂದು ಗಂಟೆ ಹೆಚ್ಚು ನಿಲ್ಲಬೇಕು.

ಇನ್ನು ತಕರಾರು. ಅಮೃತಾಪುರದಲ್ಲಿ ಅವನಿಗೆ ಇಪ್ಪತ್ತು ವಯಸ್ಸೆಂದು ಇಟ್ಟುಕೊಳ್ಳಿ. ಸೋಮನಾಥಪುರದ ಗುಡಿ ಆದದ್ದು 1258ರಲ್ಲಿ ಎಂಬುದು ಈಗ ಹೆಚ್ಚಾಗಿ ಬಳಕೆಯಲ್ಲಿರುವ ಎಣಿಕೆ. ಆ ಲೆಕ್ಕದಲ್ಲಿ ಮುದುಕನಿಗೆ ಎಂಬತ್ತೆರಡು. 1268 ಎಂದು ಬರೆದವರನ್ನು ನಂಬಿದರೆ ತೊಂಬತ್ತೆರಡು! ಆ ವಯಸ್ಸಿನಲ್ಲಿ ನಲವತ್ತು ವಿಗ್ರಹಗಳೆ? ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ಇಬ್ಬರು ಮಲ್ಲಿತಮ್ಮರಿದ್ದರೆ ಆಶ್ಚರ್ಯವಿಲ್ಲ. ಗುರುವಿನ ಹೆಸರನ್ನು ಶಿಷ್ಯರೇ ಕೆತ್ತಿದರೆನ್ನಬಹುದೇ? ಸೋಮನಾಥಪುರದಲ್ಲಿ ಉಳಿದವರು ತಮ್ಮ ತಮ್ಮ ಹೆಸರುಗಳನ್ನು ಧಾರಾಳವಾಗಿ ಹಾಕಿಕೊಂಡಿರುವಾಗ ಆ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನುಗ್ಗೆಹಳ್ಳಿಯವನೂ ಸೋಮನಾಥಪುರದವನೂ ಒಬ್ಬನೇ ಎಂಬುದಕ್ಕೆ ಕಾಲದ ಅಡ್ಡಿಯಿಲ್ಲ, ಸಂದೇಹವೆಲ್ಲ ಅಮೃತಾಪುರದ್ದು.

ಅವನ ಕೆಲಸದ ಬೆಲೆಯನ್ನು ಕುರಿತೂ ಒಮ್ಮತವಿಲ್ಲ. ಮೂರ್ತಿಗಳು ಕುಳ್ಳು, ಒಡವೆಯ ಭಾರದಲ್ಲಿ ಮೈಯೇ ಕಾಣುವುದಿಲ್ಲ, ಬೇಲೂರಿನ ಬಳುಕು ಇಲ್ಲಿಲ್ಲ ಎನ್ನುವವರುಂಟು. ಒಡವೆ ಹೆಚ್ಚಾಯಿತೆಂಬುದು ಸುಳ್ಳಲ್ಲ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುವಂಥದು. ಅಂಥ ಕಲ್ಲು ಕೈಗೆ ಸಿಕ್ಕಾಗ ಉಳಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟ. ಆದರೆ ಹದಿನಾರು ಕೋನಗಳ ನಕ್ಷತ್ರದಂಥ ಜಗಲಿಯನ್ನು ಸುತ್ತಿ ಬರುವಾಗ, ತಿರುವು ತಿರುವಿನಲ್ಲಿ ಬೆಳಕು ಬದಲಾದಂತೆ, ಆ ಹಾರ ಕಂಕಣಗಳ ಆಳವಾದ ಕೆತ್ತನೆಯೇ ಮೂರ್ತಿಗೆ ಜೀವ ಕೊಡುತ್ತದೆ. ಒಂದೇ ಕಡೆ ನಿಂತು, ಇಲ್ಲವೆ ಚಿತ್ರಪಟದಲ್ಲಿ ನೋಡಿ ತೀರ್ಪು ಕೊಟ್ಟವರು ಈ ನಡಿಗೆಯನ್ನು ಮರೆತಿರಬೇಕು.

2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪೂಜೆ ನಿಂತು ಬಹುಕಾಲವಾಗಿದೆ. ಗರ್ಭಗುಡಿಯ ಮೂಲ ಕೇಶವಮೂರ್ತಿ ಈಗಿಲ್ಲ. ರುಜುಗಳಿವೆ. ಅವು ಇರುವುದು ಮೂರ್ತಿಗಳ ಮುಖದ ಮಟ್ಟದಲ್ಲಲ್ಲ, ಪಾದದ ಕೆಳಗೆ, ಸಣ್ಣ ಹಳಗನ್ನಡ ಅಕ್ಷರಗಳಲ್ಲಿ. ಕೆಲವೆಡೆ ಪೂರ್ಣ ಹೆಸರು, ಕೆಲವೆಡೆ 'ಮಲ್ಲಿ', ಕೆಲವೆಡೆ ಬರಿಯ 'ಮ'. ನೆತ್ತಿಯ ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಬಿಸಿಲು ಓರೆಯಾದ ಮೇಲೆ ಹೋಗಿ, ಬಗ್ಗಿ ನೋಡಬೇಕು.