ಪಾನಾದ ಹಿಡಿಕೆ ಎಷ್ಟು ಉದ್ದವಿರಬೇಕು?

ಕಳೆದ ಹಿಂಗಾರಿಯಲ್ಲಿ ನಮ್ಮ ಎರೆಹೊಲದಲ್ಲಿ ಜೋಳದ ಬಿತ್ತನೆ ನಡೆದಿತ್ತು. ಬಾಡಿಗೆ ಟ್ರ್ಯಾಕ್ಟರಿಗೆ ಕಟ್ಟಿದ ಕೂರಿಗೆಯ ಒಂದು ತಾಳು ಸಡಿಲಾಯಿತು. ಅದನ್ನು ಬಿಗಿಯಲು ಹುಡುಗನೊಬ್ಬ ಪಾನಾ ಹಚ್ಚಿದ. ಅದು ಸಾಲದೆಂದು ಪಾನಾದ ಬಾಲಕ್ಕೆ ಒಂದು ಮೀಟರು ಉದ್ದದ ನೀರಿನ ಪೈಪು ತೂರಿಸಿ, ಮೈಭಾರ ಹಾಕಿ ಎಳೆದ. ಬೋಲ್ಟು ಟಣ್ಣನೆ ಮುರಿಯಿತು. ಪೈಪು ಕಳಚಿ, ಅವನ ಬೆರಳಿನ ಗಿಣ್ಣುಗಳು ಕಬ್ಬಿಣದ ಚೌಕಟ್ಟಿಗೆ ಬಡಿದು ಸುಲಿದುಹೋದವು. ಒಳಗೆ ಉಳಿದ ತುಂಡನ್ನು ಡ್ರಿಲ್ ಹಾಕಿಸಿ ತೆಗೆಸುವಷ್ಟರಲ್ಲಿ ಒಂದು ಇಡೀ ದಿನ ಕಳೆಯಿತು. ಹಿಂಗಾರಿಯ ಹದ ಯಾರಿಗಾಗಿಯೂ ಕಾಯುವದಿಲ್ಲವೆಂಬುದು ಒಕ್ಕಲುತನ ಬಲ್ಲವರಿಗೆ ತಿಳಿದೇ ಇದೆ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಸಣ್ಣ ಹಿಡಿಕೆಯಿಂದ ದೊಡ್ಡ ನಟ್ಟು ಬಿಗಿಯುವದಿಲ್ಲ, ಪೈಪು ಹಾಕಿದರೆ ಬಿಗಿತ ಮಿತಿಮೀರುತ್ತದೆ. ಆದಕಾರಣ ಹಿಡಿಕೆಯನ್ನು ಬೇಕಾದಷ್ಟೇ ಉದ್ದಕ್ಕೆ ನಿಲ್ಲಿಸಲು ಬರುವಂಥ ಒಂದು ಪಾನಾವನ್ನು ನಾವು ಊರ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದೆವು. ಅದರ ಅಳತೆಗಳನ್ನು ಹೇಗೆ ಗೊತ್ತುಮಾಡಿದೆವೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಬಲದ ಲೆಕ್ಕ

ಬೀಸುವ ಕಲ್ಲನ್ನು ನೋಡಿರಿ. ಅದರ ಗೂಟವನ್ನು ನಡುವಿನ ಹತ್ತಿರ ಯಾರೂ ನೆಡುವದಿಲ್ಲ, ಅಂಚಿನಲ್ಲಿಯೇ ನೆಡುತ್ತಾರೆ. ನಡುವಿನಿಂದ ಕೈ ದೂರವಾದಷ್ಟೂ ಕಲ್ಲು ಹಗುರಾಗಿ ತಿರುಗುತ್ತದೆ. ಪಾನಾದ ಲೆಕ್ಕವೂ ಇದೇ. ನಟ್ಟಿನ ನಡುವಿನಿಂದ ಕೈವರೆಗಿನ ದೂರವನ್ನು ಕೈ ಎಳೆಯುವ ಬಲದಿಂದ ಗುಣಿಸಿದರೆ ನಟ್ಟಿಗೆ ತಾಗುವ ತಿರುಚುಬಲ ಸಿಗುತ್ತದೆ. ಒಂದು ಮೀಟರು ದೂರದಿಂದ ಒಂದು ಕಿಲೋ ಬಲದಲ್ಲಿ ಎಳೆದರೆ ಅದು 1 ಕಿಲೋಗ್ರಾಂ-ಮೀಟರು. 40 ಸೆಂಟಿಮೀಟರಿನಿಂದ 20 ಕಿಲೋ ಎಳೆದರೆ 8 ಕಿಲೋಗ್ರಾಂ-ಮೀಟರು.

ಯಂತ್ರಗಳ ಜೊತೆ ಬರುವ ಪುಸ್ತಕ ನಮ್ಮ ಕಡೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಅದರಲ್ಲಿ ಈ ಬಲವನ್ನು ನ್ಯೂಟನ್-ಮೀಟರಿನಲ್ಲಿ ಬರೆದಿರುತ್ತಾರೆ. ಅಂಜಬೇಕಾಗಿಲ್ಲ. ಆ ಅಂಕಿಯನ್ನು ಹತ್ತರಿಂದ ಭಾಗಿಸಿದರೆ ಹೆಚ್ಚುಕಡಿಮೆ ನಮ್ಮ ಕಿಲೋಗ್ರಾಂ-ಮೀಟರು ಬರುತ್ತದೆ.

ಬೋಲ್ಟು ಬೇಡುವದು ಎಷ್ಟು?

ಹಿಡಿಕೆಯ ಉದ್ದ ಗೊತ್ತುಮಾಡುವ ಮೊದಲು ಬೋಲ್ಟನ್ನು ವಿಚಾರಿಸಬೇಕು. ತಲೆಯ ಮೇಲೆ 8.8 ಎಂದು ಕೊರೆದ ಗಟ್ಟಿ ಬೋಲ್ಟುಗಳಿಗೆ ಲೆಕ್ಕ ಸುಮಾರು ಹೀಗಿದೆ: 10 ಮಿಲಿಮೀಟರಿನ ಬೋಲ್ಟಿಗೆ 5, 12 ಮಿಲಿಮೀಟರಿನದಕ್ಕೆ 8, 16 ಮಿಲಿಮೀಟರಿನದಕ್ಕೆ 20 ಕಿಲೋಗ್ರಾಂ-ಮೀಟರು. ಯಾವ ಗುರುತೂ ಇಲ್ಲದ ಮೆದು ಬೋಲ್ಟಿಗೆ ಇದರ ಅರ್ಧಕ್ಕಿಂತಲೂ ಕಡಿಮೆ ಬಲ ಸಾಕು. ಎಳೆಗೆ ಎಣ್ಣೆ ಹಚ್ಚಿದ್ದರೆ ಇನ್ನೂ ಕಡಿಮೆ.

ಈಗ ನಮ್ಮ ಕೂರಿಗೆಯ ಲೆಕ್ಕ ನೋಡಿರಿ. ಅದರದು 12 ಮಿಲಿಮೀಟರಿನ ಬೋಲ್ಟು. ಒಂದು ಮೀಟರಿನ ಪೈಪನ್ನು ಹುಡುಗ 40 ಕಿಲೋ ಬಲದಿಂದ ಎಳೆದನೆಂದರೂ ತಾಗಿದ್ದು 40 ಕಿಲೋಗ್ರಾಂ-ಮೀಟರು, ಅಂದರೆ ಬೇಕಾದದ್ದರ ಐದು ಪಟ್ಟು! ಮುರಿಯದೆ ಮತ್ತೇನಾದೀತು? ಇನ್ನು 16 ಮಿಲಿಮೀಟರಿನ ಬೋಲ್ಟಿನ 24ರ ನಟ್ಟನ್ನು ತೆಗೆದುಕೊಳ್ಳಿರಿ. ಅದರ ಸಾಮಾನ್ಯ ಪಾನಾದಲ್ಲಿ ಕೈ ಹಿಡಿಯುವ ಜಾಗ ನಡುವಿನಿಂದ ಸುಮಾರು 25 ಸೆಂಟಿಮೀಟರು. ಅಲ್ಲಿಂದ 20 ಕಿಲೋಗ್ರಾಂ-ಮೀಟರು ಬರಬೇಕಾದರೆ 80 ಕಿಲೋ ಎಳೆಯಬೇಕು. ಅದು ಯಾರ ಕೈಯಿಂದಲೂ ಸುಲಭವಲ್ಲ. ಒಂದು ಕಡೆ ಪೈಪು ಅಪಾಯ, ಇನ್ನೊಂದು ಕಡೆ ಪೈಪಿಲ್ಲದೆ ಸಾಗದು. ಹಿಡಿಕೆಯ ಉದ್ದ ಬದಲಾಗಬೇಕೆನ್ನುವದು ಇದಕ್ಕಾಗಿಯೇ.

ನಮ್ಮ ಪಾನಾದ ಅಳತೆ

ಒಳಗಿನ ಕಂಬಿ 25 ಮಿಲಿಮೀಟರು ದಪ್ಪದ ಗಟ್ಟಿ ಗುಂಡುಕಂಬಿ. ಅದರ ಮೇಲೆ ಜಾರುವ ಹಿಡಿಕೆ ಒಂದು ಇಂಚಿನ ಜಿ.ಐ. ಪೈಪು. ಪೈಪು ಭಾರದ ಜಾತಿಯದೇ ಆಗಬೇಕು. ಅದಕ್ಕೆ 'ಸಿ' ವರ್ಗವೆನ್ನುತ್ತಾರೆ, ಕೆಂಪು ಪಟ್ಟಿ ಇರುತ್ತದೆ. ಇದರ ಒಳಮೈ 25 ಮಿಲಿಮೀಟರಿಗಿಂತ ಕೂದಲೆಳೆಯಷ್ಟೇ ಹೆಚ್ಚು. ಹಳದಿ ಅಥವಾ ನೀಲಿ ಪಟ್ಟಿಯ ತೆಳು ಪೈಪಿನಲ್ಲಿ ಕಂಬಿ ಲಟಲಟ ಅಲುಗಾಡುತ್ತದೆ. ಕಂಬಿಯನ್ನು ಅಂಗಡಿಗೆ ಒಯ್ದು, ತೂರಿಸಿ ನೋಡಿಯೇ ಪೈಪು ಕೊಳ್ಳಿರಿ. ಒಳಗಿನ ಬೆಸುಗೆಯ ಗೀರು ಅಡ್ಡ ಬಂದರೆ ಅರದಿಂದ ತಿಕ್ಕಿಸಬೇಕು.

ನಟ್ಟಿನ ನಡುವಿನಿಂದ ಕಂಬಿಯ ತುದಿಗೆ 45 ಸೆಂಟಿಮೀಟರು. ಪೈಪಿನ ಉದ್ದವೂ 45 ಸೆಂಟಿಮೀಟರು. ಕಂಬಿಯಲ್ಲಿ ನಟ್ಟಿನ ನಡುವಿನಿಂದ 9, 24 ಮತ್ತು 39 ಸೆಂಟಿಮೀಟರಿಗೆ ಮೂರು ತೂತು. ಪೈಪಿನಲ್ಲಿ ಒಂದೇ ತೂತು, ಬಾಯಿಯಿಂದ 6 ಸೆಂಟಿಮೀಟರಿಗೆ. ಈ ತೂತುಗಳಲ್ಲಿ 8 ಮಿಲಿಮೀಟರಿನ ಪಿನ್ನು ಕೂಡ್ರಬೇಕು. ಅದು ಕಳೆಯದಂತೆ ಸಣ್ಣ ಸರಪಳಿಯಿಂದ ಪೈಪಿಗೆ ಕಟ್ಟಬೇಕು. ಪೈಪಿನ ಹಿಂತುದಿಯಿಂದ 8 ಸೆಂಟಿಮೀಟರು ಒಳಗೆ ಬಣ್ಣದ ಗೆರೆ ಹಾಕಿರಿ. ಅಂಗೈಯ ನಡು ಆ ಗೆರೆಯ ಮೇಲೆಯೇ ಇರಬೇಕು. ಆಗ ಮೊದಲ ತೂತಿನಲ್ಲಿ ಕೈಯ ದೂರ 40, ಎರಡನೆಯದರಲ್ಲಿ 55, ಮೂರನೆಯದರಲ್ಲಿ 70 ಸೆಂಟಿಮೀಟರಾಗುವದು.

ಪೂರಾ ಚಾಚಿದಾಗಲೂ ಕಂಬಿಯ 12 ಸೆಂಟಿಮೀಟರು ಪೈಪಿನ ಒಳಗೇ ಉಳಿಯುತ್ತದೆ. ಇದನ್ನು ಕಡಿಮೆ ಮಾಡಕೂಡದು. ಗೆರೆಯ ಮೇಲೆ 29 ಕಿಲೋ ಎಳೆದಾಗ ಪೈಪಿನ ಬಾಯಿಯ ಮೇಲೆ ಸುಮಾರು 60 ಕಿಲೋ ಒತ್ತಡ ಬೀಳುತ್ತದೆ. ಒಳಗೆ 3 ಸೆಂಟಿಮೀಟರೇ ಉಳಿದಿದ್ದರೆ ಅದೇ ಒತ್ತಡ 330 ಕಿಲೋದ ಹತ್ತಿರ ಹೋಗಿ ಪೈಪಿನ ಬಾಯಿ ಅಗಲಾಗುವದು.

ತೂತಿನ ದಿಕ್ಕು

ಹಸಿ ಬೇವಿನ ಕಡ್ಡಿಯೊಂದನ್ನು ಬಗ್ಗಿಸಿ ನೋಡಿರಿ. ಹೊರಮಗ್ಗುಲಿನ ನಾರು ಹರಿಯುತ್ತದೆ, ಒಳಮಗ್ಗುಲು ಸುಕ್ಕಾಗುತ್ತದೆ, ನಡುವಿನ ಭಾಗಕ್ಕೆ ಹೆಚ್ಚಿನ ಶ್ರಮವಿಲ್ಲ. ಕಂಬಿಯೂ ಹಾಗೆಯೇ. ನಟ್ಟಿನ ಬಾಯಿ ಕೆಳಗಾಗುವಂತೆ ಪಾನಾವನ್ನು ಹಿಡಿದರೆ ಕೈ ಎಳೆಯುವದು ಎಡಕ್ಕೆ ಇಲ್ಲವೆ ಬಲಕ್ಕೆ. ಆದುದರಿಂದ ಶ್ರಮವೆಲ್ಲ ಎಡಬಲದ ಮಗ್ಗುಲುಗಳಿಗೆ. ತೂತುಗಳು ಮೇಲಿನಿಂದ ಕೆಳಕ್ಕೆ ಇಳಿಯಬೇಕು, ಅಂದರೆ ಬೋಲ್ಟು ನಿಂತ ದಿಕ್ಕಿನಲ್ಲಿಯೇ ಇರಬೇಕು. ಎಡದಿಂದ ಬಲಕ್ಕೆ ಕೊರೆದರೆ ಹೆಚ್ಚು ಶ್ರಮವಿರುವ ಜಾಗದಲ್ಲಿಯೇ ಕಂಬಿ ಸೋಲುವದು. ವೆಲ್ಡಿಂಗಿನವನಿಗೆ ಇದನ್ನು ಸುಣ್ಣದ ಗೆರೆ ಎಳೆದೇ ತೋರಿಸಿರಿ.

ಬಾಯಿ

ನಟ್ಟಿನ ಮೇಲೆ ಕೂಡ್ರುವ ಆರುಮೂಲೆಯ ಬಾಯಿಯನ್ನು ಮನೆಯಲ್ಲಿ ಮಾಡಿಸುವ ಗೋಜಿಗೆ ಹೋಗಬೇಡಿರಿ. ಬಾಕ್ಸ್ ಪಾನಾದ ಬಿಡಿ ಬಾಯಿ ಪೇಟೆಯಲ್ಲಿ ಸಿಗುತ್ತದೆ. ಅದರ ಮಗ್ಗುಲಿಗೆ ಕಂಬಿಯ ತುದಿ ಒಪ್ಪುವಂತೆ ಅರ ಹಾಕಿಸಿ ಸುತ್ತಲೂ ಬೆಸೆಯಬೇಕು. ಆ ಬಾಯಿಯ ಉಕ್ಕು ಗಡುಸು. ತಣ್ಣಗಿದ್ದಾಗಲೇ ಬೆಸೆದು ನೀರಿನಲ್ಲಿ ಅದ್ದಿದರೆ ಬೆಸುಗೆಯ ಪಕ್ಕದಲ್ಲಿ ಬಿರಿಯುವದು. ಮೊದಲು ಚೆನ್ನಾಗಿ ಬಿಸಿಮಾಡಿಸಿ, 7018ರ ಒಣ ಕಡ್ಡಿಯಿಂದ ಬೆಸೆಸಿ, ಬೂದಿಯಲ್ಲಿ ಹೂತು ಮೆಲ್ಲಗೆ ಆರಲು ಬಿಡಬೇಕು. ನಾವು 19ರ ಮತ್ತು 24ರ ಬಾಯಿಗಳಿಗೆ ಎರಡು ಬೇರೆ ಕಂಬಿ ಮಾಡಿಸಿದ್ದೇವೆ, ಹಿಡಿಕೆಯ ಪೈಪು ಮಾತ್ರ ಎರಡಕ್ಕೂ ಒಂದೇ. ಒಂದು ಕಂಬಿ ಮತ್ತು ಪೈಪು ಕೂಡಿ ತೂಕ ಸುಮಾರು 3 ಕಿಲೋ.

ಕೈಗೆ ಪಾಠ

20 ಕಿಲೋ ಎಳೆತವೆಂದರೆ ಎಷ್ಟೆಂದು ಕೈಗೆ ಕಲಿಸಬೇಕು. 12 ಮಿಲಿಮೀಟರಿನ ಒಂದು ಹಳೆಯ ಬೋಲ್ಟನ್ನು ಅಡ್ಡಲಾಗಿ ಭದ್ರವಾಗಿ ಬಂಧಿಸಿರಿ. 19ರ ಪಾನಾವನ್ನು ಮೊದಲ ತೂತಿನಲ್ಲಿ ನಿಲ್ಲಿಸಿ ನಟ್ಟಿಗೆ ಹಚ್ಚಿರಿ. ಹಿಡಿಕೆ ನೆಲಕ್ಕೆ ಸಮನಾಗಿರುವಾಗ ಬಣ್ಣದ ಗೆರೆಗೆ ನೀರಿನ ಕ್ಯಾನು ತೂಗುಹಾಕಿರಿ. ಕ್ಯಾನಿನಲ್ಲಿ 17 ಲೀಟರು ನೀರಿರಲಿ. ಕ್ಯಾನಿನ ಮತ್ತು ಪಾನಾದ ಸ್ವಂತ ತೂಕ ಉಳಿದ ಕೊರತೆಯನ್ನು ತುಂಬುತ್ತವೆ. ನಟ್ಟಿಗೆ ತಾಗುವದು ಸರಿಸುಮಾರು 8 ಕಿಲೋಗ್ರಾಂ-ಮೀಟರು. ಅನಂತರ ಕ್ಯಾನು ಇಳಿಸಿ ಅಷ್ಟೇ ಬಲದಿಂದ ಕೈಯಿಂದ ಎಳೆದು ನೋಡಿರಿ. ನಾಲ್ಕಾರು ಸಲದಲ್ಲಿ ಕೈಗೆ ಅಂದಾಜು ಬರುತ್ತದೆ. ಶಾಲೆಯ ಹುಡುಗರಿಗೆ ನಾವು ಈ ಪ್ರಯೋಗ ಮಾಡಿಸಿದಾಗ ಗುಣಾಕಾರದ ಪಾಠವೂ ಅದರಲ್ಲೇ ಮುಗಿಯಿತು.

ಬಳಸುವ ರೀತಿ

12 ಮಿಲಿಮೀಟರಿನ 8.8 ಬೋಲ್ಟಿಗೆ ಮೊದಲ ತೂತು, ಒಂದೇ ಕೈ, 20 ಕಿಲೋ ಎಳೆತ. ಗುರುತಿಲ್ಲದ ಬೋಲ್ಟಾದರೆ 8 ಕಿಲೋಕ್ಕೆ ಕೈ ತಡೆಯಿರಿ. 16 ಮಿಲಿಮೀಟರಿನ 8.8 ಬೋಲ್ಟಿಗೆ ಮೂರನೆಯ ತೂತು, ಎರಡೂ ಕೈ, ಸುಮಾರು 29 ಕಿಲೋ. ಜಾಗ ಇಕ್ಕಟ್ಟಾಗಿದ್ದರೆ ಎರಡನೆಯ ತೂತಿನಲ್ಲಿ ನಿಲ್ಲಿಸಿ 36 ಕಿಲೋ ಎಳೆಯಬೇಕಾಗುವದು. ಗಾಲಿಯ ನಟ್ಟುಗಳಿಗೆ ಪುಸ್ತಕದ ಅಂಕಿಯನ್ನೇ ಹಿಡಿಯಿರಿ. ಎಂಜಿನಿನ ಒಳಗಿನ ಬೋಲ್ಟುಗಳಿಗೆ ಈ ಪಾನಾ ಬೇಡ, ಅವಕ್ಕೆ ಅಂಕಿ ತೋರಿಸುವ ಟಾರ್ಕ್ ಪಾನಾ ಉಳ್ಳ ಮೇಸ್ತ್ರಿಯೇ ಬೇಕು.

ತುಕ್ಕು ಹಿಡಿದ ನಟ್ಟು ಬಿಚ್ಚುವಾಗ ಮೊದಲೇ ಬಲ ಹಾಕಬೇಡಿರಿ. ಹಿಂದಿನ ಸಂಜೆ ಡೀಸೆಲು ಹನಿಸಿ, ಮುಂಜಾನೆ ನಟ್ಟಿನ ಮಗ್ಗುಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆ ಮೇಲೆ ಹಿಡಿಕೆ ಚಾಚಿರಿ. ಯಾವಾಗಲೂ ನಿಮ್ಮ ಕಡೆಗೇ ಎಳೆಯಿರಿ, ಮುಂದಕ್ಕೆ ತಳ್ಳಬೇಡಿರಿ. ತಳ್ಳುವಾಗ ನಟ್ಟು ಜಾರಿದರೆ ಗಿಣ್ಣು ಒಡೆಯುವದು. ಹಿಡಿಕೆಯ ಮೇಲೆ ಕಾಲಿಡುವದೂ, ಈ ಪೈಪಿಗೆ ಮತ್ತೊಂದು ಪೈಪು ಜೋಡಿಸುವದೂ ಸರ್ವಥಾ ಕೂಡದು. ಪ್ರತಿ ಬಿತ್ತನೆಗೆ ಮುಂಚೆ ಬೆಸುಗೆಯ ಸುತ್ತಲೂ ಒರೆಸಿ, ಬಿರುಕು ಕಂಡರೆ ಆ ಕಂಬಿಯನ್ನು ತೆಗೆದಿಡಿರಿ.

ಉದ್ದ ಹಿಡಿಕೆ ಇದ್ದರೆ ಸಾಕೆಂಬುದು ನಮ್ಮಲ್ಲಿ ಬಹಳ ಜನರ ತಿಳುವಳಿಕೆ. ಬೋಲ್ಟು ಬೇಡಿದಷ್ಟೇ ಉದ್ದವಿರಬೇಕೆಂಬುದು ಮುರಿದ ಒಂದು ಬೋಲ್ಟು ನಮಗೆ ಕಲಿಸಿದ ಮಾತು. ಆ ಹುಡುಗನ ಕೈ ಈಗ ವಾಸಿಯಾಗಿದೆ. ಹೊಸ ಪಾನಾದ ಪೈಪಿನ ಮೇಲೆ ಬಣ್ಣದ ಗೆರೆ ಎಳೆದವನೂ ಅವನೇ.