ಮುಯ್ಯಾಳುಗಳು ಕಟ್ಟಿದ ತಂತ್ರಾಂಶ

ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು, ವಾರಾಂತ್ಯದ ಸಭೆಗಳು, ವರ್ಷಗಟ್ಟಲೆ ಉಳಿಯುವ ಗೆಳೆತನ: ಕಂಪ್ಯೂಟರು, ಮೊಬೈಲುಗಳಲ್ಲಿ ಕನ್ನಡ ಸಲೀಸಾಗಿ ಮೂಡುವುದರ ಹಿಂದೆ ಇಷ್ಟೆಲ್ಲ ಇದೆ.

ಆಂಡ್ರಾಯ್ಡ್ ಫೋನಿನಲ್ಲಿ ‘ಹಬ್ಬದ ಶುಭಾಶಯಗಳು’ ಎಂಬ ಸಂದೇಶ ಬರುತ್ತದೆ. ‘ಬ’ಕ್ಕೆ ಕೊಟ್ಟ ಒತ್ತು ಅದರ ಜಾಗದಲ್ಲೇ ಅಚ್ಚುಕಟ್ಟಾಗಿ ಕೂತಿರುತ್ತದೆ. ಫೋನಿನ ಒಳಗೆ ಕೆಲಸ ಮಾಡುತ್ತಿರುವುದು ಲಿನಕ್ಸ್ ಕರ್ನೆಲ್ ಎಂಬ ತಿರುಳು ತಂತ್ರಾಂಶ. ಅಕ್ಷರಕ್ಕೆ ಒತ್ತು, ಗುಣಿತಗಳನ್ನು ಕೂಡಿಸಿ ತೋರಿಸುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಎರಡೂ ಮುಕ್ತ ತಂತ್ರಾಂಶಗಳು. ಇವುಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಇಂದು ದೊಡ್ಡ ಕಂಪನಿಗಳ ಎಂಜಿನಿಯರುಗಳೂ ಸಂಬಳ ಪಡೆದು ಇವುಗಳ ಮೇಲೆ ದುಡಿಯುತ್ತಾರೆ ನಿಜ. ಆದರೆ ಕನ್ನಡದ ಒಂದು ಒತ್ತು ತಪ್ಪಾಗಿ ಮೂಡಿದರೆ ಅದನ್ನು ಗುರುತಿಸಿ, ಬರೆದು ತಿಳಿಸಿ, ಸರಿಯಾಗುವವರೆಗೂ ಬೆನ್ನು ಹತ್ತುವವರು ಹೆಚ್ಚಿನ ಸಲ ಕನ್ನಡದ ಸ್ವಯಂಸೇವಕರೇ.

ನಮ್ಮ ಹಳ್ಳಿಗಳಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುವ ಪದ್ಧತಿ ಇದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಲೆಕ್ಕವಿಲ್ಲ, ಋಣದ ನೆನಪಿದೆ. ಮುಕ್ತ ತಂತ್ರಾಂಶದ ಊರೂರ ಬಳಗಗಳು ನಡೆಯುವುದೂ ಹೀಗೆಯೇ. ಅಲ್ಲಿ ಜನರನ್ನು ಹಿಡಿದಿಟ್ಟಿರುವ ಕಟ್ಟು ಗೆಳೆತನ. ಅದು ಸಡಿಲವಾದ ಕಡೆ ಎಂಥ ಒಳ್ಳೆಯ ತಂತ್ರಾಂಶವೂ ಸೊರಗುತ್ತದೆ ಎಂಬುದನ್ನು ಕಳೆದ ಮೂರು ದಶಕಗಳು ತೋರಿಸಿವೆ.

ಸಿಡಿಯಿಂದ ಸಮ್ಮೇಳನದವರೆಗೆ

ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯನ್ನು ಪ್ರಕಟಿಸಿದ್ದು 1983ರಲ್ಲಿ. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಲಿನಕ್ಸ್ ಕರ್ನೆಲ್‌ನ ಸುದ್ದಿ ಹೊರಹಾಕಿದ್ದು 1991ರ ಆಗಸ್ಟಿನಲ್ಲಿ. ಇವು ಬೆಂಗಳೂರಿಗೆ ಬಂದ ಕಾಲದಲ್ಲಿ ಇಂಟರ್ನೆಟ್ ಎಂದರೆ ಟೆಲಿಫೋನ್ ತಂತಿಯ ಮೇಲೆ ತೆವಳುವ ಸಂಪರ್ಕ. ನೂರಾರು ಮೆಗಾಬೈಟ್ ಇಳಿಸಿಕೊಳ್ಳುವುದು ಕನಸಿನ ಮಾತು. ತೊಂಬತ್ತರ ದಶಕದಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಟ್ಟಿತು. ಒಬ್ಬರು ಕೊಂಡ ಸಿಡಿ ಹತ್ತು ಮನೆ ಸುತ್ತುತ್ತಿತ್ತು. ಹಾಕಿಕೊಂಡ ಮೇಲೆ ಮೋಡೆಮ್ ಓಡದಿದ್ದರೆ, ಧ್ವನಿ ಬಾರದಿದ್ದರೆ ಕೇಳಲು ಕಂಪನಿಯ ಸಹಾಯವಾಣಿ ಇರಲಿಲ್ಲ. ಅದೇ ಸಿಡಿ ಹಾಕಿ ಗೆದ್ದ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಬೇಕಿತ್ತು. ಲಿನಕ್ಸ್ ಬಳಕೆದಾರರ ಗುಂಪುಗಳು ಹುಟ್ಟಿದ್ದು ಈ ಅಗತ್ಯದಿಂದ.

ಬೆಂಗಳೂರಿನ ಅಂಥ ಬಳಗ ಬೆಳೆದು 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ನಡೆಸಿತು. 2005ರಲ್ಲಿ ಅದರ ಹೆಸರು ‘ಫಾಸ್ ಡಾಟ್ ಇನ್’ ಎಂದಾಯಿತು. ಅದನ್ನು ಮುಂದೆ ನಿಂತು ಕಟ್ಟಿದವರು ಅತುಲ್ ಚಿಟ್ನಿಸ್. ಅವರ ಜೊತೆ ನೋಂದಣಿ ಮೇಜಿನಲ್ಲಿ ಕೂತವರು, ನೆಟ್‌ವರ್ಕ್ ಕೇಬಲ್ ಎಳೆದವರು, ಹೊರಗಿನಿಂದ ಬಂದ ಅತಿಥಿಗಳಿಗೆ ಊರು ತೋರಿಸಿದವರು ಎಲ್ಲರೂ ಸ್ವಯಂಸೇವಕರು. 2012ರಲ್ಲಿ ಕೊನೆಯ ಸಮ್ಮೇಳನ ನಡೆಯಿತು. 2013ರ ಜೂನ್‌ನಲ್ಲಿ ಚಿಟ್ನಿಸ್ ತೀರಿಕೊಂಡರು. ಆದರೆ ಅಷ್ಟು ಹೊತ್ತಿಗೆ ಈ ಊರಿನಲ್ಲಿ ಒಟ್ಟು ಸೇರುವ ರೂಢಿ ಬೇರು ಬಿಟ್ಟಿತ್ತು. ಪೈಥಾನ್ ಭಾಷೆಯ ಬಳಗ ‘ಬ್ಯಾಂಗ್‌ಪೈಪರ್ಸ್’ ಇಲ್ಲಿ ನೆಲೆಯೂರಿತು. ಭಾರತದ ಮೊದಲ ‘ಪೈಕಾನ್’ ಸಮ್ಮೇಳನ 2009ರಲ್ಲಿ ನಡೆದದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಪೈಥಾನ್ ಬಳಗವನ್ನು ದೇಶಮಟ್ಟದಲ್ಲಿ ಕಟ್ಟಿದ ಕೆನೆತ್ ಗೊನ್ಸಾಲ್ವಿಸ್ 2012ರಲ್ಲಿ ತೀರಿಕೊಂಡಾಗ ಗೆಳೆಯರು ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿದರು. ಹೊಸಬರಿಗೆ ಕೈಹಿಡಿದು ಕಲಿಸಿದವರನ್ನು ಗೌರವಿಸಲು ಒಂದು ಬಳಗ ಕಂಡುಕೊಂಡ ದಾರಿ ಅದು.

ಒಂದು ಅಕ್ಷರ, ಮೂವರ ಕೆಲಸ

ಗೆಳೆತನಕ್ಕೂ ತಂತ್ರಾಂಶಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಸಣ್ಣ ದೋಷದ ಕಥೆ ಹೇಳಬೇಕು. ‘ರ‍್ಯಾಂಕ್’ ಎಂದು ಟೈಪ್ ಮಾಡಲು ಹೋದರೆ ಎಷ್ಟೋ ಸಲ ‘ರ್ಯಾಂಕ್’ ಎಂದು ಅರ್ಕಾವೊತ್ತು ಬಂದು ಕೂರುತ್ತದೆ. ಯೂನಿಕೋಡ್ ನಿಯಮದ ಪ್ರಕಾರ ‘ರ’, ಅರ್ಧಾಕ್ಷರದ ಚಿಹ್ನೆ, ‘ಯ’ ಸಾಲಾಗಿ ಬಂದರೆ ಅರ್ಕಾವೊತ್ತು ಮೂಡಬೇಕು. ಅದು ಬೇಡ, ‘ರ’ ಪೂರ್ತಿಯಾಗಿ ನಿಂತು ‘ಯ’ ಕೆಳಗೆ ಒತ್ತಾಗಬೇಕು ಎಂದರೆ ‘ರ’ ಆದ ಕೂಡಲೇ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಸೇರಿಸಬೇಕು.

ಇದು ಸರಿಯಾಗಿ ನಡೆಯಲು ಮೂರು ಕಡೆ ಕೆಲಸವಾಗಬೇಕು. ಆ ಕಾಣದ ಸಂಕೇತಕ್ಕೆ ಕೀಲಿಮಣೆಯಲ್ಲಿ ಒಂದು ಕೀಲಿ ಇರಬೇಕು. ಅದನ್ನು ಗಮನಿಸುವ ನಿಯಮ ಹಾರ್ಫ್‌ಬಜ್‌ನಂಥ ಜೋಡಣೆಯ ತಂತ್ರಾಂಶದಲ್ಲಿ ಇರಬೇಕು. ಫಾಂಟಿನಲ್ಲಿ ಬೇಕಾದ ಒತ್ತು ಇರಬೇಕು. ಕೀಲಿಮಣೆ ಮಾಡಿದವರು ಒಬ್ಬರು, ಫಾಂಟ್ ಬಿಡಿಸಿದವರು ಇನ್ನೊಬ್ಬರು, ಜೋಡಣೆಯ ನಿಯಮ ಬರೆದವರು ಮತ್ತೊಂದು ದೇಶದವರು. ಒಬ್ಬೊಬ್ಬರೂ ‘ನಮ್ಮ ಕಡೆ ಸರಿಯಿದೆ’ ಎಂದರೆ ದೋಷ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಅದೇ ಫಾಂಟಿನವರಿಗೂ ಕೀಲಿಮಣೆಯವರಿಗೂ ಗೆಳೆತನವಿದ್ದರೆ ಒಂದು ಭಾನುವಾರ ಅಕ್ಕಪಕ್ಕ ಕೂತು, ಎರಡು ಲ್ಯಾಪ್‌ಟಾಪಿನ ಪರದೆಗಳನ್ನು ಹೋಲಿಸಿ, ತಪ್ಪು ಎಲ್ಲಿದೆ ಎಂದು ಮಧ್ಯಾಹ್ನದ ಊಟಕ್ಕೆ ಮೊದಲೇ ಪತ್ತೆ ಹಚ್ಚುತ್ತಾರೆ. ಹಾಗೆ ತಿದ್ದಿದ್ದು ಮುಂದೆ ಕೋಟಿಗಟ್ಟಲೆ ಫೋನುಗಳನ್ನು ತಲುಪುತ್ತದೆ.

ಕನ್ನಡಕ್ಕೆ ಇಂಥ ದುಡಿಮೆಯ ಫಲಗಳು ಹಲವು ದಕ್ಕಿವೆ. ಅರವಿಂದ ವಿ.ಕೆ. ರೂಪಿಸಿದ ‘ಗುಬ್ಬಿ’ ಮತ್ತು ಕೈಬರಹದ ಶೈಲಿಯ ‘ನವಿಲು’ ಫಾಂಟುಗಳು ಡೆಬಿಯನ್‌ನಂಥ ಜಾಗತಿಕ ಲಿನಕ್ಸ್ ವ್ಯವಸ್ಥೆಯೊಳಗೆ ಸೇರಿವೆ. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ಬಳಗ ಕಟ್ಟಿದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಒಂದೊಂದು ಪದ ಹಿಡಿದು ಹುಡುಕಬಹುದು. ಆ ಕೆಲಸದಲ್ಲಿ ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ ಅವರಂಥ ಸಾಹಿತಿಗಳೂ ಜೊತೆಗಿದ್ದರು. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಕೂಡಿಸಿದ ಒಂದೂವರೆ ಲಕ್ಷ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರ ಕೈಗೆ ಬಂದದ್ದು, ಎಂಜಿನಿಯರ್ ಕೈಲಾಶ್ ನಾಧ್ ಅವರ ಜೊತೆ ಕೂಡಿದ್ದರಿಂದ. ಪದ ಬಲ್ಲವರೂ ಕೋಡ್ ಬಲ್ಲವರೂ ಒಂದೇ ಮೇಜಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಇವು ನಮ್ಮೆದುರಿನ ಸಾಕ್ಷಿ.

ಮೊದಲ ದಿನದ ಅಂಜಿಕೆ

ಹೊಸಬರ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಡಲು ಕಾಲೇಜಿನಲ್ಲಿ ನಡೆಯುವ ಒಂದು ಇನ್‌ಸ್ಟಾಲ್ ಫೆಸ್ಟ್‌ಗೆ ಹೋಗಿ ನೋಡಿ. ಬಾಗಿಲಲ್ಲೇ ಎಕ್ಸ್‌ಟೆನ್ಷನ್ ಬೋರ್ಡಿಗಾಗಿ ಹುಡುಕಾಟ. ಎರಡನೇ ವರ್ಷದ ಹುಡುಗಿಯೊಬ್ಬಳು ಅಣ್ಣನಿಂದ ಬಂದ ಹಳೇ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾಳೆ. ‘ಇದರಲ್ಲಿರೋ ಫೋಟೋ ಎಲ್ಲ ಹೋಗಲ್ಲ ತಾನೇ ಅಕ್ಕಾ?’ ಎಂದು ಎದುರಿನ ಸೀನಿಯರ್ ಹತ್ತಿರ ಮೂರನೇ ಸಲ ಕೇಳುತ್ತಾಳೆ. ಆ ಅಕ್ಕ ಬೇಸರಿಸದೆ ಮೊದಲು ಫೋಟೋಗಳನ್ನು ಬೇರೆ ಡಿಸ್ಕಿಗೆ ಹಾಕಿಸುತ್ತಾಳೆ, ಪಾರ್ಟಿಷನ್ ಎಂದರೇನೆಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸುತ್ತಾಳೆ, ಆಮೇಲೆ ಪೆನ್‌ಡ್ರೈವ್ ಚುಚ್ಚುತ್ತಾಳೆ. ಮುಖ್ಯವಾದ ಬಟನ್ ಒತ್ತುವುದನ್ನು ಹುಡುಗಿಯ ಕೈಯಲ್ಲೇ ಮಾಡಿಸುತ್ತಾಳೆ. ವೈಫೈ ಹಿಡಿಯದಿದ್ದರೆ ಪಕ್ಕದ ಬೆಂಚಿನ ಇಬ್ಬರು ಬಂದು ಬಗ್ಗುತ್ತಾರೆ. ಸಂಜೆ ಹೊತ್ತಿಗೆ ಯಂತ್ರ ಓಡುತ್ತದೆ. ಮುಂದಿನ ವರ್ಷ ಅದೇ ಹುಡುಗಿ ಮೇಜಿನ ಆಚೆ ಬದಿಯಲ್ಲಿ ಕೂರುತ್ತಾಳೆ.

ಇದನ್ನು ಯಾವ ಪಠ್ಯಕ್ರಮವೂ ಕಲಿಸುವುದಿಲ್ಲ. ‘ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ’ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಗ್ಲಗ್’ ಎಂದು ಕರೆಯುವ ಗ್ನೂ/ಲಿನಕ್ಸ್ ಗುಂಪುಗಳನ್ನು ಬೆಳೆಸಿ, ರಜೆಯಲ್ಲಿ ಶಿಬಿರ ನಡೆಸಿದ್ದು ಇಂಥ ಕಲಿಕೆಗಾಗಿ. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ಎದ್ದದ್ದೂ ಸ್ವಯಂಸೇವಕರ ಕೈಯಿಂದಲೇ. ಹಳೆಯ ಕಂಪ್ಯೂಟರುಗಳಲ್ಲಿ ಮುಕ್ತ ತಂತ್ರಾಂಶ ಹಾಕಿ ಅಲ್ಲಿನ ಮಕ್ಕಳಿಗೆ ಬಿಟ್ಟುಕೊಟ್ಟರು. ಪರವಾನಗಿಗೆ ದುಡ್ಡು ಕೊಡಬೇಕಿದ್ದರೆ ಆ ಕೇಂದ್ರದ ಬಾಗಿಲೇ ತೆರೆಯುತ್ತಿರಲಿಲ್ಲ.

ಗೆಳೆತನದ ಬಾಗಿಲು ಎಲ್ಲರಿಗೂ ಒಂದೇ ಅಳತೆಗೆ ತೆರೆದಿರುತ್ತದೆ ಎನ್ನಲಾಗದು. ಇಪ್ಪತ್ತು ಹುಡುಗರ ನಡುವೆ ಒಬ್ಬಳೇ ಕೂರಬೇಕಾದ ಹುಡುಗಿ ಎರಡನೇ ಸಭೆಗೆ ಬರುವುದು ಕಷ್ಟ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಇಂಗ್ಲಿಷಿನಲ್ಲಷ್ಟೇ ಉತ್ತರ ಬಂದರೆ ಹಾಸನ, ರಾಯಚೂರಿನ ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಕತ್ತಲಾಗುವ ಮುಂಚೆ ಸಭೆ ಮುಗಿಸುವುದು, ಬಸ್ಸು ಸಿಗುವ ಜಾಗದಲ್ಲಿ ಸೇರುವುದು, ನಡವಳಿಕೆಯ ನಿಯಮಗಳನ್ನು ಬರೆದು ಪಾಲಿಸುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಬಳಗದ ಮನಸ್ಸು ಎಂಥದ್ದೆಂದು ಹೊಸಬರಿಗೆ ತಿಳಿಯುವುದು ಇವುಗಳಿಂದಲೇ.

ಒಂಟಿ ಹೆಗಲಿನ ಅಪಾಯ

2024ರ ಮಾರ್ಚ್ ಕೊನೆಯಲ್ಲಿ ಜಗತ್ತಿನ ಸರ್ವರ್ ಜಾಲ ಕೂದಲೆಳೆಯ ಅಂತರದಲ್ಲಿ ಪಾರಾಯಿತು. ‘ಎಕ್ಸ್‌ಝಡ್’ ಎಂಬ ಕಡತ ಕುಗ್ಗಿಸುವ ಸಣ್ಣ ತಂತ್ರಾಂಶ ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿದೆ. ಅದನ್ನು ವರ್ಷಗಳ ಕಾಲ ನೋಡಿಕೊಂಡವರು ಒಬ್ಬರೇ ಸ್ವಯಂಸೇವಕರು. ಮಾನಸಿಕವಾಗಿ ಬಳಲಿದ್ದೇನೆ ಎಂದು ಅವರೇ ಹೇಳಿಕೊಂಡಿದ್ದ ಹೊತ್ತಿನಲ್ಲಿ, ‘ಕೆಲಸ ನಿಧಾನವಾಯಿತು’ ಎಂದು ಅಪರಿಚಿತರು ಒತ್ತಡ ಹಾಕಿದರು. ‘ಜಿಯಾ ಟಾನ್’ ಎಂಬ ಹೆಸರಿನವನೊಬ್ಬ ನೆರವಾಗುವವನಂತೆ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಕಳ್ಳದಾರಿಯ ಕೋಡನ್ನು ಒಳಗೆ ಸೇರಿಸಿದ. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಗಮನಿಸಿ ಜಾಡು ಹಿಡಿದ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್‌ನಿಂದಾಗಿ ಅನಾಹುತ ತಪ್ಪಿತು. ಹತ್ತು ವರ್ಷ ಮೊದಲು, 2014ರಲ್ಲಿ, ‘ಹಾರ್ಟ್‌ಬ್ಲೀಡ್’ ಎಂಬ ಭದ್ರತಾ ದೋಷ ಬಯಲಾದಾಗಲೂ ಇದೇ ಪಾಠ: ಅಂತರ್ಜಾಲದ ಸುರಕ್ಷತೆಯ ಭಾರ ಬೆರಳೆಣಿಕೆಯ ಜನರ ಹೆಗಲ ಮೇಲಿತ್ತು.

ಅಪಾಯ ಬಂದದ್ದು ಒಂಟಿತನದ ಬಿರುಕಿನಿಂದ ಎಂದೇ ನಾನು ಓದುತ್ತೇನೆ. ಬಳಲಿದವರ ಭಾರ ಇಳಿಸಿಕೊಳ್ಳುವ ಗೆಳೆಯರು ಸುತ್ತ ಇದ್ದಲ್ಲಿ ಅಪರಿಚಿತನ ನೆರವಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಡೆಬಿಯನ್ ಯೋಜನೆ ಅಪರಿಚಿತರ ವಿಷಯದಲ್ಲಿ ಹಿಂದಿನಿಂದಲೂ ಎಚ್ಚರವಾಗಿದೆ. ಅಲ್ಲಿ ಪೂರ್ಣ ಸದಸ್ಯರಾಗಬೇಕಾದರೆ ಈಗಾಗಲೇ ಸದಸ್ಯರಾದವರು ನಿಮ್ಮ ಡಿಜಿಟಲ್ ಗುರುತಿಗೆ ಸಹಿ ಹಾಕಬೇಕು. ಸಾಮಾನ್ಯವಾಗಿ ಅದು ನಡೆಯುವುದು ಮುಖತಃ ಭೇಟಿಯಾಗಿ, ಗುರುತಿನ ಚೀಟಿ ನೋಡಿ. ಹಾಗಾಗಿ ಅದರ ಸದಸ್ಯರು ಊರಿಗೆ ಬಂದರೆಂದರೆ ಅಲ್ಲೊಂದು ಭೇಟಿ ಏರ್ಪಡುತ್ತದೆ. 2023ರಲ್ಲಿ ಅದರ ವಾರ್ಷಿಕ ಸಮ್ಮೇಳನ ಮೊದಲ ಸಲ ಭಾರತದಲ್ಲಿ, ಕೊಚ್ಚಿಯಲ್ಲಿ ನಡೆಯಿತು.

ಕನ್ನಡದ ಬಳಗಕ್ಕೂ ದಣಿವು ಗೊತ್ತು. ಗ್ನೋಮ್ ಎಂಬ ಡೆಸ್ಕ್‌ಟಾಪ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ. ಪ್ರತಿ ಸಲ ಹೊಸ ಸಾಲುಗಳು ಅನುವಾದಕ್ಕೆ ಕಾಯುತ್ತವೆ. ಶೇ 80ರಷ್ಟು ಸಾಲು ಅನುವಾದವಾದ ಭಾಷೆಗಳನ್ನು ಅದು ಬೆಂಬಲಿತ ಎಂದು ಪರಿಗಣಿಸುತ್ತದೆ. ಇಬ್ಬರು ಮೂವರು ಉತ್ಸಾಹಿಗಳಿಗೆ ಮದುವೆ, ಮಕ್ಕಳು, ಹೊಸ ಕೆಲಸ ಬಂದು ಬಿಡುವು ಕಡಿಮೆಯಾದರೆ ಆ ಪ್ರಮಾಣ ಸದ್ದಿಲ್ಲದೆ ಇಳಿಯುತ್ತದೆ. ನೆರೆಯ ಕೇರಳದಲ್ಲಿ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎರಡು ದಶಕಗಳಿಂದ ಉಳಿದಿರುವುದು ತಲೆಮಾರಿಗೆ ತಲೆಮಾರು ಜನ ಬಂದು ಸೇರುತ್ತಿರುವುದರಿಂದ. ಹಳಬರು ಹೋಗುವ ಮುನ್ನ ಹೊಸಬರಿಗೆ ಜಾಗ ಬಿಟ್ಟು ಕಲಿಸಿದ ಬಳಗವಷ್ಟೇ ಬಾಳುತ್ತದೆ.

ಬೇಕಿರುವುದೇನು?

ಹಣದ ಬೆಂಬಲ ಈಚೆಗೆ ಒಂದಿಷ್ಟು ಬರುತ್ತಿದೆ. ‘ಫಾಸ್ ಯುನೈಟೆಡ್’ ಪ್ರತಿಷ್ಠಾನ ಊರೂರುಗಳಲ್ಲಿ ಭೇಟಿಗಳಿಗೆ ನೆರವಾಗುತ್ತಿದೆ, ಬೆಂಗಳೂರಿನಲ್ಲಿ ‘ಇಂಡಿಯಾ ಫಾಸ್’ ಸಮ್ಮೇಳನ ನಡೆಸುತ್ತಿದೆ. ಬೆಂಗಳೂರಿನದೇ ಕಂಪನಿ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಪ್ರಕಟಿಸಿತು. ಇದು ಒಳ್ಳೆಯ ಬೆಳವಣಿಗೆ. ಮುಕ್ತ ತಂತ್ರಾಂಶದಿಂದ ಲಾಭ ಮಾಡಿದ ಉಳಿದ ಕಂಪನಿಗಳೂ ಈ ಋಣ ತೀರಿಸಬೇಕು.

ಉಳಿದದ್ದು ನಮ್ಮ ಕೈಯಲ್ಲಿದೆ. ಕಾಲೇಜಿನ ಪ್ರಾಂಶುಪಾಲರು ತಿಂಗಳಿಗೊಂದು ಭಾನುವಾರ ಒಂದು ಲ್ಯಾಬಿನ ಬೀಗ ತೆಗೆಸಿದರೆ ಸಾಕು, ಒಂದು ಗುಂಪು ಹುಟ್ಟುತ್ತದೆ. ಕನ್ನಡ ಮೇಷ್ಟ್ರು, ಮೇಡಮ್ಮುಗಳು ಅಲ್ಲಿಗೆ ಬಂದರೆ ಅನುವಾದದ ಗುಣಮಟ್ಟ ಏರುತ್ತದೆ. ಕೋಡ್ ಬಾರದವರಿಗೂ ಕೆಲಸವಿದೆ: ದೋಷ ತಿಳಿಸುವುದು, ಸಹಾಯದ ಪುಟ ಬರೆಯುವುದು, ಹೊಸಬರ ಪಕ್ಕ ಕೂರುವುದು. ಪ್ರತಿ ವರ್ಷ ಸೆಪ್ಟೆಂಬರಿನ ಮೂರನೇ ಶನಿವಾರ ಜಗತ್ತಿನಾದ್ಯಂತ ತಂತ್ರಾಂಶ ಸ್ವಾತಂತ್ರ್ಯ ದಿನ ಆಚರಿಸುತ್ತಾರೆ. ನಿಮ್ಮ ಊರಿನಲ್ಲಿ ಅಂದು ಏನೂ ನಡೆಯದಿದ್ದರೆ ನಾಲ್ಕು ಜನರನ್ನು ಕರೆದು ನೀವೇ ಶುರು ಮಾಡಿ.

ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಕನ್ನಡ ಎಲ್ಲಾದರೂ ತಪ್ಪಾಗಿ ಮೂಡುತ್ತಿದ್ದರೆ ಅದನ್ನು ಸಹಿಸಿಕೊಂಡು ಕೂರಬೇಡಿ. ಆ ಒಂದು ದೋಷವನ್ನು ಗುರುತು ಹಾಕಿಕೊಂಡು ಹತ್ತಿರದ ಮುಕ್ತ ತಂತ್ರಾಂಶ ಬಳಗದ ಮುಂದಿನ ಸಭೆಗೆ ಹೋಗಿ. ದೋಷ ಸರಿಪಡಿಸುವ ದಾರಿ ಅಲ್ಲಿ ಸಿಗುತ್ತದೆ, ಜೊತೆಗೆ ಬಾಳಿಡೀ ಉಳಿಯುವ ಒಂದಿಬ್ಬರು ಗೆಳೆಯರೂ ಸಿಗುತ್ತಾರೆ.